ಪುತಳಿಯ ಬೆನ್ನಿಗೆ ಹಸಿರು

ಧಾರವಾಡ
೧೮ ನವೆಂಬರ್ ೧೯೮೬

ಪೂಜ್ಯ ಅತ್ತೆಯವರಿಗೆ ನಿಮ್ಮ ಸೊಸೆ ನಲಿನಿಯ ನಮಸ್ಕಾರಗಳು.

ನೀವು ಕಳಿಸಿದ ಚಟ್ನಿಪುಡಿ ಹಾಸ್ಟೆಲಿನಲ್ಲಿ ಎರಡು ದಿನ ಕೂಡ ಬಾಳಲಿಲ್ಲ. ಅಕ್ಕಪಕ್ಕದ ಕೋಣೆಗಳ ಹುಡುಗಿಯರೆಲ್ಲ ತಟ್ಟೆ ಹಿಡಿದು ಬಂದರು. ಡಬ್ಬಿ ತಿಕ್ಕುವ ಭಾಗ್ಯ ಮಾತ್ರ ನನಗೆ ಉಳಿಯಿತು.

ಹೋದ ಸಲ ಊರಿಗೆ ಬಂದಾಗ ನೀವು ಕೇಳಿದ್ದಿರಿ: "ಅಲ್ಲೆ ಖರೇ ಅಂದ್ರ ಏನು ಮಾಡ್ತೀಯವಾ? ಮಂದಿ ಕೇಳಿದ್ರ ಏನಂತ ಹೇಳ್ಲಿ?" ಬಸ್ಸಿನ ಗಡಿಬಿಡಿಯಲ್ಲಿ ಏನೋ ಹೇಳಿ ತಪ್ಪಿಸಿಕೊಂಡೆ. ಈಗ ಕೂತು ಹೇಳುತ್ತೇನೆ. ಅನಿಲೀನ್ ಎಂಬ ಎಣ್ಣೆಯಂಥ ದ್ರವ ಇದೆ. ಬಟ್ಟೆಯ ಬಣ್ಣ ತಯಾರಿಸುವವರಿಗೆ ಅದು ಹಳೆಯ ಪರಿಚಯ. ಅದನ್ನು ಆಮ್ಲದಲ್ಲಿ ಬೆರೆಸಿ ಕರೆಂಟು ಹಾಯಿಸಿದರೆ ಅದರ ಅಣುಗಳು ಒಂದಕ್ಕೊಂದು ಕೈಹಿಡಿದು ಉದ್ದನೆಯ ಸರಪಳಿಯಾಗಿ, ಲೋಹದ ತಗಡಿನ ಮೇಲೆ ಪದರ ಕಟ್ಟುತ್ತವೆ. ಅದಕ್ಕೆ ಪಾಲಿಅನಿಲೀನ್ ಎನ್ನುತ್ತಾರೆ. ಜಾತಿಯಲ್ಲಿ ಪ್ಲಾಸ್ಟಿಕ್ಕು, ಆದರೆ ಕರೆಂಟು ಹರಿಯುತ್ತದೆ. ಬ್ಯಾಟರಿಯ ಹಾಗೆ ಚಾರ್ಜು ತುಂಬಿಕೊಳ್ಳುತ್ತದೆ, ಕೇಳಿದಾಗ ಬಿಟ್ಟುಕೊಡುತ್ತದೆ. ಹೀಗೆ ತುಂಬಿ ಇಳಿಸಿ, ತುಂಬಿ ಇಳಿಸಿ, ಎಷ್ಟು ತಿಂಗಳು ಬಾಳೀತು ಎಂದು ನೋಡುವುದೇ ನನ್ನ ಪ್ರಬಂಧ.

ನೋಡುವ ಯೋಗ ಇದ್ದರೆ ತಾನೆ. ಪದರ ಕಟ್ಟಲು ಆಮ್ಲಕ್ಕೆ ಜಗ್ಗದ ಲೋಹ ಬೇಕು. ನಮ್ಮಲ್ಲಿದ್ದ ಒಂದೇ ಒಂದು ಪ್ಲಾಟಿನಂ ತಗಡು ಹೋದ ವಾರ ಬೆಸುಗೆ ಬಿಟ್ಟು ಮೋರಿಯ ಪಾಲಾಯಿತು. ಹೊಸದು ಪರದೇಶದಿಂದ ಬರಬೇಕು, ವರ್ಷವಾದರೂ ಹಿಡಿಯುತ್ತದೆ. ಬ್ಯಾಡಗಿಯ ಕಾಲೇಜಿನವರು ಕೊಟ್ಟ ರಜೆ ಮುಂದಿನ ವರ್ಷದ ಡಿಸೆಂಬರಿಗೆ ಮುಗಿದು, ನಾನು ಪಾಠಕ್ಕೆ ಮರಳಲೇಬೇಕು. ನನ್ನ ಮಾರ್ಗದರ್ಶಕರಾದ ಸರ್, "ಬಂಗಾರನೂ ನಡೀತದ, ಆದ್ರ ಯಾರು ಕೊಡ್ತಾರ?" ಎಂದು ನಕ್ಕರು. ನನ್ನ ಬಳೆ ತೋರಿಸಿದೆ. ತಾಮ್ರ ಬೆರೆತದ್ದು ಆಗದಂತೆ. ಚೊಕ್ಕ ಬಂಗಾರ ಬೇಕು, ತೆಳ್ಳಗೆ ಚಪ್ಪಟೆಯಾಗಿರಬೇಕು.

ಏನೂ ಕೇಳಲು ಬರೆದದ್ದಲ್ಲ. ಮನಸ್ಸು ಭಾರವಾಗಿತ್ತು, ಹೇಳಿಕೊಂಡೆ. ಇವರಿಗೆ ಕಾರ್ಖಾನೆಯ ಪಾಳಿ ಬದಲಾಯಿತೇ?

ನಿಮ್ಮ
ನಲಿನಿ


ರಾಣೆಬೆನ್ನೂರು
೨೭ ನವೆಂಬರ್ ೧೯೮೬

ಚಿ. ಸೌ. ನಲಿನಿಗೆ ಅತ್ತೆ ಸರಸ್ವತೀಬಾಯಿಯ ಆಶೀರ್ವಾದ.

ನಿನ್ನ ಪತ್ರವನ್ನು ಸದಾಶಿವನಿಂದ ಓದಿಸಿಕೊಂಡೆ, ಆಮೇಲೆ ನಾನೇ ಓದಿದೆ. ಅವನು ಕುಮಾರಪಟ್ಟಣದ ಕಾರ್ಖಾನೆಯ ಲ್ಯಾಬಿನಲ್ಲಿ ಹತ್ತು ವರ್ಷದಿಂದ ಇದ್ದರೂ ಹೆಂಡತಿಯ ಕೆಲಸ ಅವನಿಗೂ ಅರ್ಧ ಮಾತ್ರ ತಿಳಿಯುತ್ತದೆ. ನನಗೆ ಕಾಲು ತಿಳಿಯಿತು. ಅಷ್ಟು ಸಾಕು.

ಈ ಪತ್ರದ ಜೊತೆ ಸದಾಶಿವನ ಕೈಯಲ್ಲಿ ನನ್ನ ಪುತಳಿ ಸರದ ಒಂದು ಪುತಳಿ ಕಳಿಸಿದ್ದೇನೆ. ನನ್ನ ತಾಯಿ ಕೊಟ್ಟ ಸರ, ಆಗಿನ ಕಾಲದ ಚೊಕ್ಕ ಬಂಗಾರ. ನೀನೇ ನೋಡಿದ್ದೀಯಲ್ಲ, ವೀಳ್ಯದೆಲೆಯಷ್ಟು ತೆಳ್ಳಗಿನ ದುಂಡು ಬಿಲ್ಲೆಗಳು. ಮುಂದೆ ಲಕ್ಷ್ಮಿ ಇದ್ದಾಳೆ, ಹಿಂದೆ ಸಾಫು. ನಿನಗೆ ಬೇಕಾದದ್ದೇ ಇದು ಎಂದು ನನಗೆ ಅನಿಸಿತು. ಸದಾಶಿವನೂ ಹೌದೆಂದ.

ನಿನ್ನ ಮಾವನವರು ಹೋದ ಮೇಲೆ ಆ ಸರ ನನ್ನ ಕೊರಳಿಗೆ ಬಂದಿಲ್ಲ. ವರ್ಷಕ್ಕೊಮ್ಮೆ ಭಾದ್ರಪದದಲ್ಲಿ ಗೌರಿಗೆ ಹಾಕುತ್ತೇವೆ, ಉಳಿದ ದಿನ ಪೆಟ್ಟಿಗೆಯಲ್ಲಿ ಮಲಗಿರುತ್ತದೆ. ಮಲಗಿದ್ದು ನಾಲ್ಕು ದಿನ ಕೆಲಸ ಮಾಡಲಿ. ಗೌರಿ ಬರುವ ಹೊತ್ತಿಗೆ ತಂದುಕೊಡು, ಅಷ್ಟೇ. ನಿನ್ನ ನಾದಿನಿ ಅನಸೂಯಾಗೆ ಹೇಳಬೇಡ. ಅವಳು ಹಾವೇರಿಯಿಂದ ಮೊದಲ ಬಸ್ಸಿಗೇ ಬಂದುಬಿಡುತ್ತಾಳೆ.

ಸಂಕೋಚಪಟ್ಟು ವಾಪಸು ಕಳಿಸಿದರೆ ನನಗೆ ಸಿಟ್ಟು ಬರುತ್ತದೆ.

ಸರಸ್ವತೀಬಾಯಿ


ಧಾರವಾಡ
೨ ಫೆಬ್ರುವರಿ ೧೯೮೭

ಪೂಜ್ಯ ಅತ್ತೆಯವರೇ,

ಇಷ್ಟು ದಿನ ಬರೆಯದೆ ಇದ್ದುದಕ್ಕೆ ಬೈಯಿರಿ, ಆದರೆ ಮೊದಲು ಸುದ್ದಿ ಕೇಳಿ. ನಿಮ್ಮ ಪುತಳಿ ಗೆದ್ದಿತು.

ಸರ್ ಅದನ್ನು ಬೆಳಕಿಗೆ ಹಿಡಿದು ಎರಡೂ ಬದಿ ತಿರುವಿ ನೋಡಿದರು. ಆಮೇಲೆ, "ಲಕ್ಷ್ಮಿ ಉಬ್ಬಿಕೊಂಡಾಳ, ಬಡಿದು ಸಪಾಟು ಮಾಡಿಸೂಣೇನು?" ಎಂದರು. ನಾನು ಒಪ್ಪಲಿಲ್ಲ. ಲಕ್ಷ್ಮಿಯ ಮೇಲೆ ಮೇಣ ಕರಗಿಸಿ ಹಚ್ಚಿ ಮುಸುಕು ಹಾಕಿದೆ, ಸಾಫು ಇರುವ ಬೆನ್ನನ್ನಷ್ಟೇ ಕೆಲಸಕ್ಕೆ ಬಿಟ್ಟೆ. ಕೊಂಡಿಯ ಬೆಸುಗೆ ದ್ರಾವಣಕ್ಕೆ ತಾಗದಂತೆ ಮೇಲೆ ಹಿಡಿಯುತ್ತೇನೆ. ಹೈಡ್ರೋಕ್ಲೋರಿಕ್ ಆಮ್ಲ ಬಳಸುವುದಿಲ್ಲ. ಅದರಲ್ಲಿ ಕರೆಂಟು ಹರಿದರೆ ಬಂಗಾರವೂ ಸವೆಯುತ್ತದೆ. ಸಲ್ಫ್ಯೂರಿಕ್ ಆಮ್ಲದಲ್ಲಿ ಅದಕ್ಕೆ ಕೂದಲೆಳೆಯಷ್ಟೂ ಅಪಾಯವಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ನೀವಾಗಿ ಎಂದೂ ವಿಚಾರಿಸುವುದಿಲ್ಲ ಎಂದು ಗೊತ್ತಿದ್ದರೂ.

ಅತ್ತೆಯವರೇ, ನೀವು ಅದನ್ನೊಮ್ಮೆ ನೋಡಬೇಕು. ಅನಿಲೀನನ್ನು ಬಟ್ಟಿ ಇಳಿಸಿ, ನೀರಿನಷ್ಟು ತಿಳಿಯಾಗಿಸಿ, ಆಮ್ಲದಲ್ಲಿ ಹಾಕಿ ಪುತಳಿ ಇಳಿಬಿಟ್ಟೆ. ವೋಲ್ಟು ಮೇಲೆ ಹೋಗಿ ಕೆಳಗೆ ಬರುತ್ತದೆ, ಪಕ್ಕದ ಯಂತ್ರದ ಪೆನ್ನು ಕಾಗದದ ಮೇಲೆ ಗುಡ್ಡ ಬರೆಯುತ್ತದೆ. ಪ್ರತಿ ಸುತ್ತಿಗೂ ಗುಡ್ಡ ಸ್ವಲ್ಪ ಎತ್ತರವಾಗುತ್ತದೆ, ಅಂದರೆ ಪದರ ಬೆಳೆಯುತ್ತಿದೆ ಎಂದು ಅರ್ಥ. ಪದರ ಕೆಳಗಿನ ವೋಲ್ಟಿನಲ್ಲಿ ತಿಳಿ ಹಳದಿ, ಸ್ವಲ್ಪ ಏರಿದರೆ ಹಸಿರು, ಇನ್ನೂ ಏರಿದರೆ ನೀಲಿ. ಇಳಿಸಿದರೆ ಮತ್ತೆ ಬಂದ ದಾರಿಯಲ್ಲೇ ಮರಳುತ್ತದೆ. ಕರೆಂಟು ಚೆನ್ನಾಗಿ ಹರಿಯುವುದು ಹಸಿರಿನಲ್ಲಿ ಮಾತ್ರ.

ನನ್ನ ತವರಿನವರು ಓದಿಸಿದರು, ನಿಜ. ಆದರೆ ಮದುವೆಯಾದ ಮೇಲೆ ಓದಿಸುವ ಮನೆ ಎಷ್ಟಿವೆ? ನಿಮ್ಮ ಋಣ ದೊಡ್ಡದು. ಅದನ್ನು ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ನಿಮ್ಮ
ನಲಿನಿ


ಧಾರವಾಡ
೨೬ ಆಗಸ್ಟ್ ೧೯೮೭

ಪೂಜ್ಯ ಅತ್ತೆಯವರೇ,

ಇವರು ಇಂದು ಬೆಳಿಗ್ಗೆ ಬಂದು ಪುತಳಿ ತೆಗೆದುಕೊಂಡು ಹೋದರು. ಕೊಟ್ಟ ಮಾತಿನಂತೆ ಗೌರಿಗೆ ಮುಟ್ಟಿಸಿದ್ದೇನೆ. ನಾನು ಮಾತ್ರ ಬರಲಾರೆ. ಸರ್ ಊರಿನಲ್ಲಿಲ್ಲ, ಪ್ರಯೋಗಶಾಲೆಯ ಬೀಗ ನನ್ನ ಹತ್ತಿರ ಇದೆ.

ಪುತಳಿಯ ಬೆನ್ನ ಮೇಲೆ ಕಪ್ಪು ಹಸಿರು ಪದರ ಕಾಣುತ್ತದೆ. ಫೆಬ್ರುವರಿಯಿಂದ ದಿನವೂ ಚಾರ್ಜು ತುಂಬಿ ಇಳಿಸಿದ ಪದರ ಅದೇ. ಇನ್ನೂ ಬಹುಪಾಲು ಶಕ್ತಿ ಉಳಿಸಿಕೊಂಡಿದೆ. ನವೆಂಬರಿನವರೆಗೆ ನಡೆಸಿ ಬರೆದು ಮುಗಿಸಿದರೆ ನನ್ನ ಪ್ರಬಂಧ ಆಯಿತು. ಒಣಗಿದರೆ ಅದಕ್ಕೇನೂ ಆಗದು, ಸರದಲ್ಲಿ ಪೋಣಿಸಿ ಹಾಕಬಹುದು. ಆದರೆ ತೊಳೆಯಬೇಡಿ. ಬೆರಳಿನಿಂದ ಕೂಡ ತಿಕ್ಕಬೇಡಿ. ಮೇಣದ ಮುಸುಕು ತೆಗೆದಿದ್ದೇನೆ, ಲಕ್ಷ್ಮಿ ಚೆನ್ನಾಗಿ ಕಾಣುತ್ತಾಳೆ.

ಇವರಿಗೆ ಬಾಯಿಮಾತಿನಲ್ಲಿ ಹೇಳಿದ್ದೇನೆ. ಆದರೂ ನಿಮ್ಮ ಮಗ ಬಸ್ಸಿನಲ್ಲಿ ನಿದ್ದೆ ಹೋದರೆ ತಮ್ಮ ಹೆಸರನ್ನೂ ಮರೆಯುವವರು, ಅದಕ್ಕೆ ಅಂಚೆಗೂ ಹಾಕುತ್ತಿದ್ದೇನೆ.

ನಿಮ್ಮ
ನಲಿನಿ


ರಾಣೆಬೆನ್ನೂರು
೧ ಸೆಪ್ಟೆಂಬರ್ ೧೯೮೭

ಚಿ. ಸೌ. ನಲಿನಿಗೆ ಆಶೀರ್ವಾದ.

ಗೌರಿ ನೆಮ್ಮದಿಯಿಂದ ಬಂದಿದ್ದಾಳೆ. ಅನಸೂಯಾ ಹಾವೇರಿಯಿಂದ ಬಂದು ಹೋಳಿಗೆ ಮಾಡಿದಳು. ನೀನೊಬ್ಬಳು ಇಲ್ಲ ಎನ್ನುವುದು ಬಿಟ್ಟರೆ ಎಲ್ಲ ಚೆನ್ನಾಯಿತು.

ಸದಾಶಿವ ಪುತಳಿಯನ್ನು ದೇವರ ಮುಂದೆ ಇಟ್ಟವನೇ ಪಾಳಿಗೆ ಓಡಿದ. ಬಿಚ್ಚಿ ನೋಡಿದರೆ ಬೆನ್ನೆಲ್ಲ ಕಪ್ಪಾಗಿ, ಹಸಿರು ಕಟ್ಟಿ, ಹಳೆಯ ತಾಮ್ರದ ಹಾಗಾಗಿತ್ತು. ಪಾಪದ ಹುಡುಗಿ, ತೊಳೆಯಲು ಕೂಡ ಪುರಸೊತ್ತಿಲ್ಲದಷ್ಟು ದುಡಿಯುತ್ತಿದೆ ಎಂದುಕೊಂಡೆ. ನಮ್ಮ ಪದ್ಧತಿ ನಿನಗೆ ಗೊತ್ತಿದೆ. ಅಂಟುವಾಳದ ನೀರಿನಲ್ಲಿ ತೊಳೆಯದೆ ಒಂದು ಒಡವೆಯನ್ನೂ ಗೌರಿಗೆ ಹಾಕುವುದಿಲ್ಲ. ನೆನೆಹಾಕಿ, ರಂಗೋಲಿ ಪುಡಿ ಹಚ್ಚಿ, ಮೆತ್ತಗಿನ ಬಟ್ಟೆಯಿಂದ ತಿಕ್ಕಿದೆ. ಮೊದಮೊದಲು ಜಪ್ಪಯ್ಯ ಎನ್ನಲಿಲ್ಲ, ಬಿಡದೆ ತಿಕ್ಕಿದೆ. ಈಗ ಫಳಫಳ ಹೊಳೆಯುತ್ತಿದೆ. ಬೇರೆ ಪುತಳಿಗಳಿಗಿಂತ ಅದೇ ಚೆಂದ ಎಂದು ಅನಸೂಯಾ ಕೂಡ ಅಂದಳು.

ಹಬ್ಬದ ಫರಾಳ, ಉಂಡಿ ಚಕ್ಕುಲಿ ಎಲ್ಲ, ಕಟ್ಟಿ ಇಟ್ಟಿದ್ದೇನೆ. ಸದಾಶಿವ ಬರುವಾಗ ತರುತ್ತಾನೆ.

ಸರಸ್ವತೀಬಾಯಿ


ರಾಣೆಬೆನ್ನೂರು
೨ ಸೆಪ್ಟೆಂಬರ್ ೧೯೮೭

ನಲಿನಿ,

ನಿನ್ನ ಇಪ್ಪತ್ತಾರರ ಪತ್ರವನ್ನು ಅಂಚೆಯವನು ಈಗ ಕೊಟ್ಟು ಹೋದ.

ಸದಾಶಿವ ಮರೆತನಂತೆ. ಅವನನ್ನು ಬೈದು ಏನು ಪ್ರಯೋಜನ, ತಿಕ್ಕಿದ್ದು ನನ್ನ ಕೈ. ಆ ಬಟ್ಟೆಯನ್ನು ಹುಡುಕಿ ತೆಗೆದು ಬಿಸಿಲಿಗೆ ಹಿಡಿದು ನೋಡಿದೆ, ಒಂದಿಷ್ಟು ಹಸಿರು ಕಲೆ ಇದೆ. ಅದರಿಂದ ಏನಾದರೂ ಆದೀತೇ? ಅದನ್ನು ಒಗೆಯದೆ ಡಬ್ಬಿಯಲ್ಲಿಟ್ಟಿದ್ದೇನೆ.

ಬೇಗ ಎರಡು ಸಾಲು ಬರೆ.

ಸರಸ್ವತೀಬಾಯಿ


ಧಾರವಾಡ
೨೫ ಸೆಪ್ಟೆಂಬರ್ ೧೯೮೭

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಎರಡೂ ಪತ್ರ ತಲುಪಿದವು. ನಾನು ಆರೋಗ್ಯವಾಗಿದ್ದೇನೆ. ಬಟ್ಟೆಯಿಂದ ಏನೂ ಆಗುವುದಿಲ್ಲ, ಒಗೆದುಬಿಡಿ.

ಮತ್ತೆ ಮೊದಲಿನಿಂದ ಮಾಡಲು ಏಳೆಂಟು ತಿಂಗಳು ಬೇಕು. ಅಷ್ಟು ರಜೆ ಇಲ್ಲ. ಡಿಸೆಂಬರಿನಲ್ಲಿ ಬ್ಯಾಡಗಿಗೆ ಬಂದು ಪಾಠ ಶುರು ಮಾಡುತ್ತೇನೆ. ಪ್ರಬಂಧ ಮುಂದೆ ಎಂದಾದರೂ ನೋಡೋಣ. ನಿಮ್ಮ ಮೇಲೆ ಸಿಟ್ಟಿಲ್ಲ.

ಇಲ್ಲಿ ಮಳೆ ನಿಂತಿದೆ.

ನಲಿನಿ


ರಾಣೆಬೆನ್ನೂರು
೧೪ ಅಕ್ಟೋಬರ್ ೧೯೮೭

ಚಿ. ಸೌ. ನಲಿನಿಗೆ ಆಶೀರ್ವಾದ.

ನಿನ್ನ ಮೂರು ಸಾಲಿನ ಪತ್ರ ಓದಿದೆ. ಸಿಟ್ಟಿಲ್ಲ ಎಂದು ಬರೆದಿದ್ದೀ. ಇದ್ದರೂ ನಡೆಯುತ್ತಿತ್ತು. ಮಳೆಯ ಸುದ್ದಿ ಬರೆಯುವುದಕ್ಕಿಂತ ಬೈದು ಬರೆದಿದ್ದರೆ ನನಗೆ ಹಗುರಾಗುತ್ತಿತ್ತು.

ನಾನು ಹೋದ ಸೋಮವಾರ ಬ್ಯಾಡಗಿಗೆ ಹೋಗಿದ್ದೆ. ನಿನ್ನ ತವರಿಗಲ್ಲ. ನಿಮ್ಮ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು, ಮೆಣಸಿನಕಾಯಿ ಸಾಹುಕಾರ ನಿಜಲಿಂಗಪ್ಪನವರಲ್ಲಿಗೆ. ಸದಾಶಿವ ತಾನು ಹೋಗುತ್ತೇನೆಂದ, ಬೇಡವೆಂದೆ. ಅವರ ಅಡತಿ ಅಂಗಡಿಯಲ್ಲಿ ಚೀಲದ ಮೇಲೆ ಚೀಲ. ಒಳಗೆ ಕಾಲಿಟ್ಟೊಡನೆ ಘಾಟು ಮೂಗಿಗೇರಿ ಕಣ್ಣಲ್ಲಿ ಧಾರೆ ಶುರುವಾಯಿತು. ಸಾಹುಕಾರರು ಗಾಬರಿಯಾಗಿ ಎದ್ದು ನಿಂತರು.

"ಬಾಯಾರ, ಮೊದಲು ಕುಂದ್ರಿ. ಅಳಬ್ಯಾಡ್ರಿ. ಮಗನ್ನ ಕಳಿಸಿದ್ರ ಸಾಕಾಗಿತ್ತಲ್ಲ, ನೀವ್ಯಾಕ ಬಂದ್ರಿ?"

ಅಳುತ್ತಿಲ್ಲ ಎಂದು ಹೇಳಲು ಬಾಯಿ ತೆರೆದರೆ ಸೀನು ಬಂತು. ಅಳುತ್ತಿದ್ದೇನೆಂದೇ ತಿಳಿಯಲಿ ಎಂದು ಸುಮ್ಮನಾದೆ.

"ತಪ್ಪು ಮಗಂದಲ್ರಿ, ನಂದು. ಅದಕ್ಕ ನಾನ ಬಂದೀನಿ. ನಿಮ್ಮ ಕಾಲೇಜಿನ ನಲಿನಿ ನನ್ನ ಸೊಸಿ. ಅಕಿ ಎಂಟು ತಿಂಗಳ ಕೆಲಸಾನ ನಾನು ಅಂಟುವಾಳ ಹಚ್ಚಿ ತಿಕ್ಕಿ ಚೊಕ್ಕ ಮಾಡೀನಿ."

"ಏನು ಕಲಿಯಾಕತ್ತಾರ ಅವರು?"

"ಕರೆಂಟ್ ಹರಿಯೋ ಪ್ಲಾಸ್ಟಿಕ್ ಮಾಡಲಿಕ್ಕತ್ತಾಳ್ರಿ."

"ಪ್ಲಾಸ್ಟಿಕ್ಕಿನ್ಯಾಗ ಕರೆಂಟ್ ಹರಿಯೂದಿಲ್ಲಂತನ ವಾಯರಿಗೆ ಅದನ್ನ ಸುತ್ತಿರತಾರಲ್ರಿ, ಬಾಯಾರ."

"ನಾನೂ ಹಂಗ ತಿಳಿದಿದ್ದೆ. ಇದು ಬ್ಯಾರೇನ ಅದ. ಹಸರ ಇದ್ದಾಗ ಹರೀತದ, ಬ್ಯಾರೆ ಬಣ್ಣದಾಗ ಹರಿಯೂದಿಲ್ಲ. ಹೆಚ್ಚಿಗಿ ನನಗ ಕೇಳಬ್ಯಾಡ್ರಿ. ಅಕಿಗಿ ಇನ್ನ ಆರು ತಿಂಗಳ ಟೈಮ್ ಕೊಡ್ರಿ, ಅಕಿನ ಬಂದು ಹೇಳ್ತಾಳ."

ಸಾಹುಕಾರರು ಲೆಕ್ಕದ ಪುಸ್ತಕ ಮುಚ್ಚಿಟ್ಟು, "ಸೊಸಿ ಸಲುವಾಗಿ ಅತ್ತಿ ಬಂದಿದ್ದು ನಾ ಇವತ್ತ ನೋಡಿದ್ದು" ಎಂದರು. ಮಂಡಳಿಯ ಉಳಿದವರನ್ನು ಕೇಳಿ ನಿನ್ನೆ ಹೇಳಿ ಕಳಿಸಿದ್ದಾರೆ. ಮುಂದಿನ ಜೂನ್ ಕೊನೆಯವರೆಗೆ ರಜೆ, ಪಗಾರ ಇಲ್ಲ. ಬಂದ ಮೇಲೆ ಬ್ಯಾಡಗಿಯ ಮಕ್ಕಳಿಗೆ ಆ ಪ್ಲಾಸ್ಟಿಕ್ಕನ್ನು ತೋರಿಸಬೇಕಂತೆ, ತಾವೂ ಬಂದು ನೋಡುತ್ತಾರಂತೆ.

ಆ ಪುತಳಿಯ ಜೊತೆಗೆ ಇನ್ನೆರಡು ಬಿಚ್ಚಿ ಕಳಿಸುತ್ತಿದ್ದೇನೆ. ಒಂದರಲ್ಲಿ ಎಂಟು ತಿಂಗಳಾಗುವ ಕೆಲಸ ಮೂರರಲ್ಲಿ ಬೇಗ ಮುಗಿಯುತ್ತದೆಯೋ ಇಲ್ಲವೋ ನನಗೆ ತಿಳಿಯದು. ಬೇಗ ಮುಗಿಯದಿದ್ದರೂ ಒಂದು ಕೈಕೊಟ್ಟರೆ ಎರಡಾದರೂ ಉಳಿಯುತ್ತವೆ. ಅನಸೂಯಾಗೆ ಈ ಸಲ ನಾನೇ ಹೇಳಿದೆ. "ಅವ್ವಾ, ಸರಾ ಹರದುಕೊಟ್ಟೆಲ್ಲ" ಎಂದು ಮುಖ ಊದಿಸಿಕೊಂಡಳು. ಹರಿದಿಲ್ಲ, ಬಿಚ್ಚಿದ್ದೇನೆ ಎಂದೆ.

ಪ್ರಬಂಧ ಎಂದಾದರೂ ನೋಡೋಣ ಎಂಬ ಮಾತನ್ನು ಇನ್ನೊಮ್ಮೆ ಬರೆಯಬೇಡ. ನಾನು ತಿಕ್ಕಿ ಅರ್ಧಕ್ಕೆ ನಿಲ್ಲಿಸಿದ ನಿನ್ನ ಕೆಲಸವನ್ನು ನೀನೂ ಅರ್ಧಕ್ಕೆ ಬಿಟ್ಟರೆ, ಈ ಮನೆಯಲ್ಲಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ಹೇಗೆ ನೋಡುವುದು?

ಸರಸ್ವತೀಬಾಯಿ


ಧಾರವಾಡ
೨೮ ಅಕ್ಟೋಬರ್ ೧೯೮೭

ಅತ್ಯಾ,

ಇವರು ಪುಡಿಕೆ ಕೊಟ್ಟಾಗ ಹಾಸ್ಟೆಲಿನ ಬಾಗಿಲಲ್ಲೇ ನಿಂತು ಬಿಚ್ಚಿದೆ. ಮೂರು ಪುತಳಿ ನೋಡಿ ಅಲ್ಲೇ ಅತ್ತುಬಿಟ್ಟೆ. ಇವರು ಏನು ಮಾಡಬೇಕೆಂದು ತಿಳಿಯದೆ ವಾಚಮನ್‌ಗೆ ಬೀಡಿ ಕೇಳಿದರು. ಇವರು ಬೀಡಿ ಸೇದುವುದಿಲ್ಲ.

ಬಯ್ದು ಬರೆದಿದ್ದರೆ ಎಂದಿರಿ. ಬಯ್ಯುವಷ್ಟು ಸಿಟ್ಟು ಇತ್ತು, ನಿಜ ಹೇಳುತ್ತೇನೆ. ಆದರೆ ಸಿಟ್ಟು ಮಾಡಿಕೊಳ್ಳಲು ಕೂತರೆ ನೀವು ರಂಗೋಲಿ ಪುಡಿ ಹಚ್ಚಿ "ಪಾಪದ ಹುಡುಗಿ" ಎಂದುಕೊಂಡು ತಿಕ್ಕುತ್ತಿದ್ದುದೇ ಕಣ್ಣಿಗೆ ಬರುತ್ತಿತ್ತು. ಅಷ್ಟು ಮಮತೆಯ ಮೇಲೆ ಸಿಟ್ಟಾಗುವುದು ಹೇಗೆ ಎಂದು ತಿಳಿಯದೆ ಮಳೆಯ ಸುದ್ದಿ ಬರೆದೆ.

ಇವತ್ತು ಸರ್‌ಗೆ ಎಲ್ಲ ಹೇಳಿದೆ. ಅವರು ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಹೇಳಿದರು: "ಹೋದದ್ದು ಒಳ್ಳೇದ ಆತು ಅನ್ನಲಿಕ್ಕೆ ನನಗ ಧೈರ್ಯ ಇಲ್ಲ. ಆದ್ರ ಒಂದ ಪದರದ ಮಾತು ಪರೀಕ್ಷಕರು ನಂಬ್ತಿದ್ದಿಲ್ಲ. ಮೂರೂ ಒಂದ ಮಾತು ಹೇಳಿದ್ರ ಯಾರೂ ಅಲ್ಲಗಳ್ಯೂದಿಲ್ಲ." ಕೆಲಸ ಬೇಗ ಆಗುವುದಿಲ್ಲ, ಆದರೆ ಗಟ್ಟಿಯಾಗುತ್ತದೆ. ನಾಳೆ ಅನಿಲೀನ್ ಬಟ್ಟಿ ಇಳಿಸುತ್ತೇನೆ.

ನಿಮ್ಮ
ನಲಿನಿ


ಧಾರವಾಡ
೧೨ ಜೂನ್ ೧೯೮೮

ಅತ್ಯಾ,

ಮುಗಿಯಿತು. ಮೂರೂ ಪದರ ಒಂದೇ ಮಾತು ಹೇಳಿದವು. ಒಂದರ ಅಂಚು ಏಪ್ರಿಲ್ ಬಿಸಿಲಿನಲ್ಲಿ ಸ್ವಲ್ಪ ಎದ್ದಿತು, ಹೆದರಿದೆ, ಆದರೆ ಅದೂ ಕೊನೆಯವರೆಗೆ ನಡೆಯಿತು. ಏಳು ತಿಂಗಳ ಮೇಲೆಯೂ ತುಂಬಿದ್ದರಲ್ಲಿ ಬಹುಪಾಲನ್ನು ಬಿಟ್ಟುಕೊಡುತ್ತಿವೆ. ಪ್ರಬಂಧ ಟೈಪಿಗೆ ಹೋಗಿದೆ. ಜುಲೈ ಒಂದಕ್ಕೆ ಬ್ಯಾಡಗಿಯಲ್ಲಿ ಪಾಠ.

ಪುತಳಿಗಳನ್ನು ತೊಳೆದು ತರುವ ಮೊದಲು ನೀವೊಮ್ಮೆ ಇಲ್ಲಿಗೆ ಬರಬೇಕು. ನಿಮ್ಮ ಬಂಗಾರ ಏನು ಮಾಡಿತು ಎಂದು ನೀವು ನೋಡದೆ ನಾನು ಈ ಕೋಣೆಗೆ ಬೀಗ ಹಾಕಲಾರೆ. ಇವರಿಗೆ ಭಾನುವಾರ ಸುಟಿ ಇದೆ. ಕುಡಿಯುವ ನೀರನ್ನು ನಾನೇ ಕಾಯಿಸಿ ಆರಿಸಿ ಇಟ್ಟಿರುತ್ತೇನೆ, ಬೇರೆ ಊರಿನ ನೀರು ಒಗ್ಗುವುದಿಲ್ಲ ಎಂಬ ನೆಪ ಹೇಳಬೇಡಿ.

ನಿಮ್ಮ
ನಲಿನಿ


ರಾಣೆಬೆನ್ನೂರು
೨೨ ಜೂನ್ ೧೯೮೮

ಚಿ. ಸೌ. ನಲಿನಿಗೆ ಆಶೀರ್ವಾದ.

ಸುಖವಾಗಿ ಊರು ಮುಟ್ಟಿದೆವು. ಭಾನುವಾರ ನಿನ್ನ ಪ್ರಯೋಗಶಾಲೆಯಲ್ಲಿ ನಾನು ಒಂದು ಮಾತೂ ಆಡಲಿಲ್ಲ. ನೀನು ಅಷ್ಟು ಆಸೆಯಿಂದ ತೋರಿಸಿದೆ, ನಿಮ್ಮ ಸರ್ ನನಗೆ ಕುರ್ಚಿ ಹಾಕಿ ತಾವು ನಿಂತರು, ನಾನು ಹಾಂ ಹೂಂ ಎನ್ನದೆ ಬಂದುಬಿಟ್ಟೆ. ಸದಾಶಿವ ಬಸ್ಸಿನಲ್ಲಿ, "ಯಾಕವ್ವಾ, ಸೇರಲಿಲ್ಲೇನು?" ಎಂದು ಕೇಳಿದ. ನಿನಗೂ ಹಾಗೆ ಅನಿಸಿರಬಹುದು, ಅದಕ್ಕೆ ಬರೆಯುತ್ತಿದ್ದೇನೆ.

ನೀನು ನನ್ನ ಕೈಯನ್ನು ವೋಲ್ಟು ಏರಿಸಿ ಇಳಿಸುವ ಆ ಗುಂಡಿಯ ಮೇಲಿಟ್ಟು, "ಸಾವಕಾಶ ತಿರುವ್ರಿ ಅತ್ಯಾ, ಬೇಕಾದಲ್ಲೆ ನಿಲ್ಲಸ್ರಿ" ಎಂದೆ. ತಿರುವಿದೆ. ಹಳದಿ ಇದ್ದದ್ದು ಹಸಿರಾಯಿತು, ಹಸಿರು ನೀಲಿಯಾಯಿತು. ಮತ್ತೆ ಹಿಂದಕ್ಕೆ ತಿರುವಿ ಹಸಿರಿನಲ್ಲಿ ನಿಲ್ಲಿಸಿದೆ. ಕರೆಂಟು ಹರಿಯುವ ಬಣ್ಣ ನೆನಪಿಟ್ಟುಕೊಂಡಿದ್ದಾರೆ ಎಂದು ನೀನು ನಿಮ್ಮ ಸರ್‌ಗೆ ಹೆಮ್ಮೆಯಿಂದ ಹೇಳಿದೆ. ನಾನು ನಿಲ್ಲಿಸಿದ್ದು ಅದಕ್ಕಲ್ಲ.

ನಿನ್ನ ಮಾವನವರು ಹೋದ ದಿನ ನನ್ನ ಕೈಯ ಹಸಿರು ಬಳೆ ತೆಗೆದರು. ಅಂದಿನಿಂದ ನನಗಾಗಿ ಹಸಿರನ್ನು ಕೊಂಡಿಲ್ಲ, ಸೀರೆಯೂ ಇಲ್ಲ, ಕುಪ್ಪಸದ ಖಣವೂ ಇಲ್ಲ. ನಿನಗೆ ಆರಿಸಿದ್ದೇನೆ, ಅನಸೂಯಾಗೆ ಆರಿಸಿದ್ದೇನೆ, ಗೌರಿಗೆ ವರ್ಷ ವರ್ಷ ಹಸಿರು ಖಣ ಏರಿಸಿದ್ದೇನೆ. ನನ್ನ ಸರದಿ ಬಂದಾಗ ಕೈ ತಾನಾಗಿ ಬೂದಿ ಬಣ್ಣದ ಮೇಲೆ ಹೋಗುತ್ತಿತ್ತು. ಬೇಡವೆಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಹೇಳಿದ್ದರೆ ಜಗಳವಾದರೂ ಆಡುತ್ತಿದ್ದೆ. ಮೊನ್ನೆ ನನ್ನದೇ ಬಂಗಾರ ನನ್ನದೇ ಕೈಯಲ್ಲಿ ಹಸಿರಾಯಿತು. ನೀವೆಲ್ಲ ಆ ಯಂತ್ರದ ಪೆನ್ನನ್ನೇ ನೋಡುತ್ತಿದ್ದಿರಿ, ನಾನು ಪುತಳಿಯನ್ನು ನೋಡುತ್ತಾ ನಿಂತಿದ್ದೆ. ಮಾತು ಎಲ್ಲಿಂದ ಬರಬೇಕು?

ನೀನು ನನ್ನ ಋಣ ದೊಡ್ಡದು ಎಂದು ಬರೆದಿದ್ದೆ. ಇನ್ನು ಮೇಲೆ ಹಾಗೆ ಬರೆಯಬೇಡ. ನಾನು ಕೊಟ್ಟದ್ದು ಪೆಟ್ಟಿಗೆಯಲ್ಲಿ ಮಲಗಿದ್ದ ಬಂಗಾರ. ನೀನು ಅದಕ್ಕಿಂತ ಹೆಚ್ಚಿನದನ್ನು ಕೊಟ್ಟೆ, ನಿನಗೇ ಗೊತ್ತಿಲ್ಲದೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಪುತಳಿಗಳನ್ನು ತೊಳೆಯಬೇಡ, ಹಸಿರಿನಲ್ಲಿ ನಿಲ್ಲಿಸಿ ಹಾಗೆಯೇ ತಾ. ಹುಳಿ ಕಡಿಮೆಯಾದರೆ ನೀಲಿಯಾಗುತ್ತದೆ ಎಂದು ನಿಮ್ಮ ಸರ್ ಹೇಳಿದರು. ಆದರೆ ಆಗಲಿ, ಮನೆಯಲ್ಲಿ ಲಿಂಬೆಹಣ್ಣು ಇವೆ. ಭಾದ್ರಪದದಲ್ಲಿ ಗೌರಿಯ ಕೊರಳಿಗೆ ಆ ಸರವನ್ನು ಹಾಗೆಯೇ ಹಾಕುತ್ತೇನೆ, ಅಂಟುವಾಳ ಈ ಸಲ ಬೇಡ. ಗೌರಿಯನ್ನು ಕಳಿಸಿದ ಮೇಲೆ ಸರವನ್ನು ಪೆಟ್ಟಿಗೆಗೆ ಹಾಕುವುದಿಲ್ಲ, ನಾನು ಹಾಕಿಕೊಳ್ಳುತ್ತೇನೆ. ಸದಾಶಿವನಿಗೆ ಹೇಳಿದ್ದೇನೆ. ಅನಸೂಯಾ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ. ಎದುರಿಗೆ ನೋಡುವವರಿಗೆ ಲಕ್ಷ್ಮಿಯೇ ಕಾಣುತ್ತಾಳೆ, ಹಸಿರು ಒಳಗೆ ನನ್ನ ಎದೆಗೆ ತಾಗಿಕೊಂಡಿರುತ್ತದೆ.

ಸರದ ಗೊಂಡೆ ಕತ್ತಿನ ಹಿಂದೆ ಬರುತ್ತದೆ, ನನ್ನ ಕೈಗೆ ಎಟಕುವುದಿಲ್ಲ. ನೀನೇ ಕಟ್ಟಬೇಕು.

ಸರಸ್ವತೀಬಾಯಿ